ಟಂಟಂ ಹಾಡು ಬರೆದ ಕಾಕಾ

ಕಾಕಾ ತೀರಿಕೊಂಡ ದಿನ ಬಾಗಲಕೋಟೆಯ ಪತ್ರಕರ್ತನೊಬ್ಬ ಫೋನು ಮಾಡಿದ. “ಅಕ್ಕಾರ, ಟಂಟಂ ಹಾಡು ಬರದವರು ಹೋದ್ರಂತಲ್ಲರಿ. ಆ ಹಾಡು ಹಾಡಿದವರು ನೀವ. ಅವರ ಬಗ್ಗೆ ಒಂದ್ ನಾಕ ಮಾತು ಹೇಳ್ರಿ. ಹಂಗ ಆ ಹಾಡಿನ್ವು ಎರಡ ಸಾಲು ಹಾಡಿ ವಾಟ್ಸಾಪ್ ಮಾಡ್ರಿ.” ನಾನು ಆಗಲಿ ಎಂದೆ. ಫೋನಿಟ್ಟ ಮೇಲೆ ಚಹಾ ಮಾಡಿಕೊಂಡು ಕುಳಿತೆ. ಹಾಡಲು ಮನಸ್ಸಾಗಲಿಲ್ಲ. ನಾಲ್ಕು ಮಾತೂ ಹೊಳೆಯಲಿಲ್ಲ. ಮರುದಿನ ಪತ್ರಿಕೆಯಲ್ಲಿ ಬಂದ ಸುದ್ದಿಯಲ್ಲಿ ಅವರ ಹೆಸರಿಗಿಂತ ಹಾಡಿನ ಹೆಸರೇ ದಪ್ಪ ಅಕ್ಷರದಲ್ಲಿತ್ತು. ಅವರಿದ್ದಾಗಲೂ ಹಾಗೆಯೇ ಇತ್ತು.

ನಾನು ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಅವರೇ ಬೇಡವೆಂದಿದ್ದರು, ಅದೂ ತುಂಬಿದ ಸಭೆಯಲ್ಲಿ. ನಮ್ಮ ಮೇಳದವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ.

ಇಳಕಲ್ಲಿನಲ್ಲಿ ಟಂಟಂಗಳು ನಿಲ್ಲುವ ಜಾಗದ ಎದುರಿಗೆ ಕಾಕಾನ ಸೈಕಲ್ ರಿಪೇರಿ ಅಂಗಡಿಯಿತ್ತು. ಟಂಟಂ ಎಂದರೆ ಮೂರು ಗಾಲಿಯ, ಹಿಂದೆ ಮುಂದೆ ಜನ ಜೋತುಬಿದ್ದು ಹೋಗುವ ಗಾಡಿ. ಹುನಗುಂದಕ್ಕೋ ಗುಡೂರಿಗೋ ಹೋಗುವವರು ಅದು ತುಂಬುವವರೆಗೆ ಅಲ್ಲಿ ಕಾಯಲೇಬೇಕು. ಕಾಕಾ ಪಂಕ್ಚರ್ ಹಚ್ಚುತ್ತಲೇ ಕಾಯುವವರ ಮಾತು ಕೇಳುತ್ತಿದ್ದರು. ಅವರದು ನೇಕಾರರ ಮನೆ. ತಂದೆ, ಅಣ್ಣಂದಿರು ಎಲ್ಲರೂ ಸೀರೆ ನೇಯ್ದವರೇ. ಇವರಿಗೆ ಮಾತ್ರ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಗೋಡೆ ನೋಡುತ್ತ ಕೂರುವುದು ಒಗ್ಗಲಿಲ್ಲ. “ನನಗ ಮಂದಿ ಮಾರಿ ಕಾಣಬೇಕವಾ” ಎನ್ನುತ್ತಿದ್ದರು.

ಅವರು ಹಾಡನ್ನು ಕಾಗದದ ಮೇಲೆ ಬರೆದಿದ್ದನ್ನು ನಾನು ನೋಡಿಲ್ಲ. ತಲೆಯಲ್ಲೇ ಕಟ್ಟಿ, ಕೆಲವು ದಿನ ಅದರ ತಂಟೆಗೆ ಹೋಗದೆ ಬಿಟ್ಟು, ಆಮೇಲೆ ನೆನಪು ಮಾಡಿಕೊಂಡು ನೋಡುತ್ತಿದ್ದರು. ಮರೆತ ಸಾಲು ಹೋದಂತೆಯೇ. “ಕಟ್ಟಿದಾಂವಗ ನೆನಪ ಉಳೀಲಿಲ್ಲಂದ್ರ ಕೇಳಿದಾಂವ ಯಾಕ ನೆನಪ ಇಟ್ಕೊತಾನ?” ನನಗೆ ಕಲಿಸುತ್ತಿದ್ದುದೂ ಬಾಯಿಂದ ಬಾಯಿಗೆ. ನಾನು ಒಂದು ಪದ ತಪ್ಪಿ ಹಾಡಿದರೆ ತಕ್ಷಣ ತಿದ್ದುತ್ತಿರಲಿಲ್ಲ. ಸ್ವಲ್ಪ ಯೋಚಿಸಿ, “ನಿಂದ ಚಲೋ ಐತಿ, ಅದ ಇರ್ಲಿ” ಎಂದದ್ದೂ ಉಂಟು.

ಕಾರ್ಯಕ್ರಮಗಳಲ್ಲಿ ಅವರು ವೇದಿಕೆಯ ಬದಿಗೆ ಕುಳಿತು ಜನರ ಕಾಲು ನೋಡುತ್ತಿದ್ದರು. ಮುಖ ನೋಡಬಾರದೇಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, “ಬಾಯಿಲೆ ಎಲ್ಲಾರೂ ಭೇಷ್ ಅಂತಾರ. ಹಾಡು ಹಿಡಿಸಿಲ್ಲಂದ್ರ ಕಾಲು ಚಪ್ಪಲಿ ಹುಡುಕಾಕತ್ತಿರ್ತಾವ” ಎಂದರು. ಕಾರ್ಯಕ್ರಮ ಮುಗಿದ ಮೇಲೆ ಸಿಕ್ಕವರನ್ನೆಲ್ಲ ಕೇಳುವುದೊಂದು ಚಾಳಿ. ಡೋಲಕಿಯವನನ್ನು, ಮೈಕಿನವನನ್ನು, ನಮ್ಮ ಗಾಡಿಯ ಡ್ರೈವರನನ್ನು: “ಖರೇನ ಹಿಡಿಸ್ತೇನಪಾ? ನನ್ನ ಮಾರಿ ನೋಡಿ ಹೇಳಬ್ಯಾಡ.” ಯಾರು ಏನು ಹೇಳಿದರೂ ಅವರಿಗೆ ಸಮಾಧಾನವಾದದ್ದನ್ನು ನಾನು ಕಂಡಿಲ್ಲ.

ಟಂಟಂ ಹಾಡು ಹುಟ್ಟಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ನಾನು ಹುನಗುಂದದಲ್ಲಿ ಭಜನೆ ಹಾಡಿಕೊಂಡಿದ್ದವಳು. ಕಾಕಾ ನನ್ನನ್ನು ಬಾಗಲಕೋಟೆಗೆ ಕರೆದುಕೊಂಡು ಹೋಗಿ ತಮ್ಮ ಹಾಡುಗಳನ್ನು ಹಾಡಿಸಿದರು. ಎಲ್ಲ ಮುಗಿದರೂ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಲ್ಲಿ ಒಂದು ಹಾಡಿನಷ್ಟು ಜಾಗ ಉಳಿದಿತ್ತು. “ಏನರ ನಗಿ ಬರೂವಂಥಾದ್ದು ಹಾಕ್ರಿ” ಎಂದ ಕಂಪನಿಯ ಮಾಲೀಕ. ಕಾಕಾ ಹೊರಗೆ ಹೋಗಿ ಚಹಾ ಕುಡಿದು ಬಂದರು. ಬರುವಾಗ ಹಾಡು ಕಟ್ಟಿಕೊಂಡೇ ಬಂದಿದ್ದರು.

ಟಂಟಂ ಬಂತ ಗುರವ್ವಾ, ಗಂಟ ಕಟ್ಟ ಗುರವ್ವಾ,
ಗಂಡ ಮಲಗ್ಯಾನ ಕಟ್ಟಿ ಮ್ಯಾಲ, ಗೆಜ್ಜಿ ಬಿಚ್ಚ ಗುರವ್ವಾ.

ಮುಂದೆ ಗುರವ್ವ ಟಂಟಂ ಡ್ರೈವರನ ಪಕ್ಕ ಕುಳಿತು ಓಡಿಹೋಗುತ್ತಾಳೆ. ಗಂಡ ಜಾರುವ ಧೋತರ ಹಿಡಿದುಕೊಂಡು ಹಿಂದೆ ಓಡುತ್ತಾನೆ. ಕೊನೆಗೆ ಹಾರ್ನಿನ ಸದ್ದು. ಹಾಡುವಾಗ ನಾನೇ ನಕ್ಕುಬಿಟ್ಟೆ. ಆ ನಗುವನ್ನೂ ಕ್ಯಾಸೆಟ್ಟಿನಲ್ಲಿ ಹಾಗೆಯೇ ಉಳಿಸಿಕೊಂಡರು.

ಆಮೇಲಿನದು ಈ ಸೀಮೆಯವರಿಗೆಲ್ಲ ಗೊತ್ತು. ಮದುವೆ, ಗಣಪತಿ ಪೆಂಡಾಲು, ಬಾದಾಮಿಗೆ ಹೋಗುವ ಬಸ್ಸು, ಎಲ್ಲಿ ಹೋದರೂ ಅದೇ. ನನ್ನನ್ನು ಟಂಟಂ ಅಕ್ಕಾ ಎಂದು ಕರೆದರು. ನನ್ನ ಸಂಸಾರ ನಿಂತದ್ದು ಆ ಹಾಡಿನ ಮೇಲೆಯೇ. ಮೊಬೈಲು ಬಂದ ಮೇಲೆ ಅದನ್ನು ವೇಗ ಮಾಡಿ, ಧಡಧಡ ಸದ್ದು ಸೇರಿಸಿ ಡಿಜೆಗೆ ಹಾಕಿದರು. ರೀಲ್ಸಿನಲ್ಲಿ ಕುಣಿಯುವವರಿಗೆ ಅದನ್ನು ಯಾರು ಬರೆದರು, ಯಾರು ಹಾಡಿದರು ಎಂಬುದೇ ಬೇಕಾಗಿರಲಿಲ್ಲ.

ಕಾಕಾನಿಗೆ ಕೀರ್ತಿ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಬೇಕಾಗಿತ್ತು. ಒಮ್ಮೆ ಬಾದಾಮಿಯ ಹೋಟೆಲಿನಲ್ಲಿ ನಾವು ತಿಂಡಿ ತಿನ್ನುವಾಗ ಅದೇ ಹಾಡು ಹಚ್ಚಿದ್ದರು. ಕಾಕಾ ಎದ್ದು ಗಲ್ಲೆಯ ಮೇಲಿದ್ದವನ ಹತ್ತಿರ ಹೋಗಿ, “ಇದನ್ನ ಬರದಾಂವ ನಾನ” ಎಂದರು. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, “ಹೌದೇನ್ರಿ? ನಾ ಯಾರೋ ಹಿಂದಿನ ಮಂದಿ ಪದಾ ಅಂತ ತಿಳಿದಿದ್ದೆ” ಎಂದು ಚಿಲ್ಲರೆ ಎಣಿಸತೊಡಗಿದ. ಕಾಕಾ ಬಂದು ಕುಳಿತು, “ಬದುಕಿದ್ದಾಗಲೇ ಹಿಂದಿನಾಂವ ಆದೆ ನೋಡು” ಎಂದು ನಕ್ಕರು. ಅವರಿಗೆ ಹೆಮ್ಮೆಯಾಯಿತೋ ನೋವಾಯಿತೋ ತಿಳಿಯಲಿಲ್ಲ. ಎರಡೂ ಆಗಿರಬೇಕು.

ಅವರಿಗೆ ಇಷ್ಟವಿದ್ದ ಹಾಡು ಬೇರೆ. ಹಳೆಯ ಬಾಗಲಕೋಟೆ ಹಿನ್ನೀರಿನಲ್ಲಿ ಮುಳುಗಿದಾಗ ಅವರ ಅಕ್ಕನ ಓಣಿಯೂ ಹೋಗಿತ್ತು. ನೀರಿನಡಿಯ ಆ ಓಣಿಯಲ್ಲಿ ಒಂದೊಂದೇ ಬಾಗಿಲು ಬಡಿಯುತ್ತ ಹೋಗುವವನೊಬ್ಬನ ಮೇಲೆ ಹಾಡು ಕಟ್ಟಿದ್ದರು. ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲೇ ಅದನ್ನು ಹಾಡಿದೆವು. ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಉಳಿದವರ ಕಾಲು ಚಪ್ಪಲಿ ಹುಡುಕುತ್ತಿದ್ದವು. ಹಿಂದಿನಿಂದ ಯಾರೋ “ಟಂಟಂ!” ಎಂದು ಕೂಗಿದರು.

ಗುಡೂರಿನ ಸಂಗತಿ ನಡೆದದ್ದು ಈಗ ಕೆಲವು ವರ್ಷಗಳ ಹಿಂದೆ. ಸಂಜೆಯ ಕಾರ್ಯಕ್ರಮಕ್ಕೆ ಮೊದಲು ಕರೆಸಿದವರ ಮನೆಯಲ್ಲಿ ನಮಗೆಲ್ಲ ಊಟ. ನಡುವಯಸ್ಸಿನ ಹೆಂಗಸೊಬ್ಬಳು ಬಿಸಿ ರೊಟ್ಟಿ ತಂದು ಬಡಿಸುತ್ತಿದ್ದಳು. ಊಟ ಬಡಿಸಿದವರ ಹೆಸರು ಕೇಳುವುದು ಕಾಕಾನ ರೂಢಿ. “ಪಲ್ಯಾ ಭಾಳ ಚಲೋ ಆಗೇತಿ. ನಿನ್ನ ಹೆಸರೇನವಾ?” ಎಂದರು. ಆಕೆ ಉತ್ತರ ಕೊಡದೆ ಒಳಗೆ ಹೋದಳು. ಪಡಸಾಲೆಯಲ್ಲಿದ್ದ ಹೆಂಗಸರು ನಕ್ಕರು. ಮನೆಯ ಹಿರಿಯಳು, “ಆಕಿ ಹೆಸರ ಹೇಳೂದಿಲ್ರಿ. ನಿಮ್ಮ ಪದಾ ಬಂದಾಗಿಂದ ಬಿಟ್ಟಾಳ” ಎಂದಳು. ನಾವೂ ನಕ್ಕೆವು. ತಮಾಷೆ ಎಂದುಕೊಂಡಿದ್ದೆವು.

ಸ್ವಲ್ಪ ಹೊತ್ತಿಗೆ ಆಕೆ ಮೊಸರಿನ ಗಡಿಗೆ ಹಿಡಿದು ಬಂದಳು. ಕಾಕಾನ ಮುಂದೆ ಬಂದು ನಿಂತಳು.

“ಹೌದ್ರಿ, ನನ್ನ ಹೆಸರ ಗುರವ್ವ. ಟಂಟಂ ಹತ್ತಿ ಹೋಗಿದ್ದೂ ಖರೆ. ತವರಮನಿಗೆ ಹೋಗಿದ್ದೆ. ಹೊಡತಾ ತಡೀಲಾರದ ಹೋಗಿದ್ದೆ. ನಿಮ್ಮ ಪದದಾಗ ಅದಿಲ್ಲ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ.

“ಹಿರೇರು ಹೋಗಿ ತಿರಗಿ ಕರಕೊಂಡ ಬಂದ್ರು. ನಾ ಬರೂದ್ರಾಗ ನಿಮ್ಮ ಪದಾ ಊರಾಗ ಬಂದ ಕುಂತಿತ್ತು. ಬಾವಿಗೆ ಹೋದ್ರೂ ಅದನ್ನ ಹಾಡೋರು. ಯಾವ ಡ್ರೈವರನ ಕೂಡ ಹೋಗಿದ್ದಿ ಅಂತ ಕೇಳೋರು. ನನ್ನ ಗಂಡನೂ ಕೇಳಿದ. ಈಗ ಎಲ್ಲಾರೂ ಮಾದೇವಿ ಅವ್ವ ಅಂತಾರ. ಮಾದೇವಿ ನನ್ನ ಮಗಳು. ಅಷ್ಟ ಸಾಕ್ರಿ ನನಗ. ಮೊಸರ ಹಾಕ್ಲೇನ್ರಿ?”

ಕಾಕಾ ತಟ್ಟೆ ಮುಂದೆ ಮಾಡಿದರು. ಆಕೆ ಬಡಿಸಿ ಹೋದಳು. ಅವರು ಆ ಅನ್ನವನ್ನು ಕಲಸುತ್ತಲೇ ಕುಳಿತರು.

ಆ ಸಂಜೆ ಟಂಟಂ ಹಾಡದೆ ಗತಿಯಿರಲಿಲ್ಲ. ಹಾಡಿದೆ. ಕಾಕಾ ವೇದಿಕೆಯ ಬದಿಗೆ ಬಂದು ಕೂರಲಿಲ್ಲ. ಹಿಂದಿರುಗುವಾಗ ಗಾಡಿಯಲ್ಲಿ ಒಂದು ಮಾತು ಹೇಳಿದರು. ಕ್ಯಾಸೆಟ್ಟು ಮಾಡುವ ಕೆಲವೇ ದಿನ ಮೊದಲು ಅವರ ಅಂಗಡಿಯೆದುರು ಒಬ್ಬ ಹೆಂಗಸು ಗಂಟು ಹಿಡಿದುಕೊಂಡು ಟಂಟಂ ಹತ್ತಿದ್ದಳಂತೆ. ಗುಡೂರಿನಾಕೆಯಲ್ಲ, ಬೇರೆ ಯಾರೋ. “ಆಕಿ ಹಿಂದ ಹಿಂದ ನೋಡ್ತಿದ್ಲು. ಯಾರನ್ನೋ ಕಾಯಾಕತ್ತಾಳ ಅನಿಸ್ತು ನನಗ. ಚಹಾ ಕುಡಿಯೂ ಮುಂದ ಅದ ನೆನಪಾತು. ಕಟ್ಟೇಬಿಟ್ಟೆ. ಅಂಜಿ ನೋಡ್ತಿದ್ಲೋ ಏನೋ. ಯಾಕ ಹೊಂಟಾಳ ಅಂತ ನಾ ಒಂದ ಮಾತು ವಿಚಾರ ಮಾಡಲಿಲ್ಲ ನೋಡು.”

ಮುಂದಿನ ಕಾರ್ಯಕ್ರಮಕ್ಕೆ ಮೊದಲು ಎಲ್ಲರನ್ನೂ ಕೂರಿಸಿಕೊಂಡು, ಆ ಹಾಡು ಇನ್ನು ಬೇಡ ಎಂದರು. ಡೋಲಕಿಯವನು ಎದ್ದು ಹೊರಗೆ ಹೋದ. ನಾನು ಜಗಳಕ್ಕೆ ನಿಂತೆ.

“ಯಾರೋ ಒಬ್ಬಾಕಿ ಸಲುವಾಗಿ ಇಷ್ಟ ಮಂದಿ ಹೊಟ್ಟಿ ಮ್ಯಾಲೆ ಹೊಡೀತೀರೇನು ಕಾಕಾ?”

“ಒಬ್ಬಾಕಿ ಅಲ್ಲವಾ. ಬಾಯಿ ಬಿಟ್ಟ ಹೇಳಿದಾಕಿ ಒಬ್ಬಾಕಿ.”

“ಹಾಡು ನಿಮ್ಮದಿರಬಹುದು. ದನಿ ನಂದು.”

ಅವರು ನನ್ನನ್ನು ನೋಡಿದರು. ಸಿಟ್ಟು ಮಾಡಲಿಲ್ಲ. “ಅದೂ ಖರೆ” ಎಂದರು, ತೀರ ದಣಿದವರಂತೆ.

ಕೊನೆಗೆ ಒಂದು ಒಪ್ಪಂದವಾಯಿತು. ಅದೇ ಧಾಟಿಗೆ ಅವರು ಹೊಸ ನುಡಿ ಕಟ್ಟಿಕೊಡುವುದು, ನಾವು ಅದನ್ನು ಹಾಡುವುದು. ಚಹಾ ಕುಡಿದು ಬರುವುದರೊಳಗೆ ಹಾಡು ಕಟ್ಟಿದ ಮನುಷ್ಯ ಈ ಒಂದು ನುಡಿಗೆ ತಿಂಗಳುಗಟ್ಟಲೆ ಒದ್ದಾಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡುತ್ತಿದ್ದರು: “ಹೋದಳು ಅಂತಿರಬೇಕೋ ಹೊಂಟಳು ಅಂತಿರಬೇಕೋ? ಹೋದಳು ಅಂದ್ರ ಕಥಿ ಮುಗಿದಂಗ ಆಗ್ತೈತಿ.” ಒಂದು ದಿನ ಅವರು ಹೆಂಡತಿಯನ್ನೇ ಕೇಳಿದರಂತೆ: “ಮನಿ ಬಿಟ್ಟ ಹೋಗಾಕಿ ಗಂಟಿನ್ಯಾಗ ಏನೇನ ಕಟ್ಕೊತಾಳ?” ಕಾಕು ಜೋಳ ಹಸನು ಮಾಡುತ್ತಿದ್ದವರು ಮೊರದಿಂದ ತಲೆಯೆತ್ತದೆ, “ಎರಡ ಸೀರಿ. ಮಕ್ಕಳ ಅರಿವಿ. ಮತ್ತ ಮನಿ ಕೀಲಿ. ತಿರಗಿ ಬರಬೇಕಾಗ್ತೈತಿ ಅಂತ ಗೊತ್ತಿರ್ತೈತಲ್ಲ” ಎಂದರಂತೆ. ಕಾಕಾ ಇದನ್ನು ನನಗೆ ಹೇಳುವಾಗ ನಗಲಿಲ್ಲ. “ಇಷ್ಟ ಲಗೂನ ಹೆಂಗ ಹೇಳಿದ್ಲು ಅಂತ ಅಂಜಿಕಿ ಬಂತವಾ ನನಗ” ಎಂದರು.

ಕೊನೆಗೆ ಕಟ್ಟಿದ್ದು ಇದು:

ಬೆನ್ನ ತುಂಬ ಬಾಸುಂಡಿ, ಸೆರಗ ಹೊದ್ದಿ ಗುರವ್ವಾ,
ಹಿಂದ ಹಿಂದ ನೋಡಕೋತ ಎಲ್ಲಿಗೆ ಹೊಂಟಿ ಗುರವ್ವಾ?

ಹುನಗುಂದದಲ್ಲಿ ಅದನ್ನು ಹಾಡಿದೆವು. ಧಾಟಿ ಶುರುವಾದ ಕೂಡಲೇ ಸಿಳ್ಳೆ ಬಿದ್ದವು. ಮೊದಲ ಸಾಲಿಗೆ ಕೆಲವರು ರೂಢಿಯ ಮೇಲೆ ನಕ್ಕರು. ಎರಡನೆಯ ಸಾಲಿಗೆ ಸದ್ದಡಗಿತು. ಅದನ್ನೇ ಮತ್ತೆ ಹಾಡಿದೆ. ಆಗ ಗಲಾಟೆ ಎದ್ದಿತು. “ಏ ಅಕ್ಕಾ, ಹಳೇದ ಹಾಡಬೇ!” “ಇದೇನ್ ಅಳೂ ಪದಾ ಹಚ್ಚೀರಿ?” ನೀರಿನ ಖಾಲಿ ಬಾಟಲಿಯೊಂದು ಹಾರಿಬಂದು ಹಾರ್ಮೋನಿಯಂ ಪಕ್ಕದಲ್ಲಿ ಬಿತ್ತು. ಆ ದಿನ ನಾನು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದೆ. ಕಾಕಾ ಹೂಂ ಎಂದಿದ್ದರೆ ಕೊನೆಯವರೆಗೂ ಅದನ್ನೇ ಹಾಡುತ್ತಿದ್ದೆ. ಅವರ ಕಡೆ ನೋಡಿದೆ. ಅವರು ಜನರನ್ನೊಮ್ಮೆ ನೋಡಿ ಕೈಸನ್ನೆ ಮಾಡಿದರು: ಹಳೆಯದನ್ನೇ ಹಾಡು. ಹಾಡಿದೆ. ಜನ ಕುರ್ಚಿ ಸರಿಸಿ ಕುಣಿದರು.

ಎಲ್ಲ ಮುಗಿದ ಮೇಲೆ ಅವರು ಗಾಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ನಾನು ಹತ್ತಿರ ಹೋದೆ.

“ಅಂಜಿಬಿಟ್ಟೆ ನೋಡವಾ.”

“ಬಾಟ್ಲಿ ಒಗದ್ರು, ಅದಕ್ಕ ಅಂಜಿದ್ರಿ. ಬಿಡ್ರಿ.”

“ಬಾಟ್ಲಿಗಲ್ಲ. ಎದ್ದ ಹೋಗ್ತಿದ್ರಲ್ಲ, ಅದಕ್ಕ. ಈ ವಯಸ್ಸಿನ್ಯಾಗ ಖಾಲಿ ಕುರ್ಚಿ ನೋಡೂದು ನನ್ನ ಕೈಲಾಗೂದಿಲ್ಲ.”

ಅವರು ತಮ್ಮ ಬಗ್ಗೆ ಇಷ್ಟು ನಿಜವನ್ನು ಯಾವ ಹಾಡಿನಲ್ಲೂ ಕಟ್ಟಿರಲಿಲ್ಲ. ಅಲ್ಲಿಂದ ಮುಂದೆ ಕಟ್ಟುವುದೇ ನಿಂತುಹೋಯಿತು. ಅಂಗಡಿಗೆ ಹೋಗುತ್ತಿದ್ದರು. ಟಂಟಂಗಳ ಕಡೆ ಬೆನ್ನು ಮಾಡಿ ಕೂರುತ್ತಿದ್ದರು ಎಂದು ಅಲ್ಲಿಯವರು ಹೇಳುತ್ತಿದ್ದರು.

ಬಾಗಲಕೋಟೆಯಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡದ್ದು ಆಮೇಲೆ. ದೊಡ್ಡ ಸಭೆ. ಶಾಲು, ಹಣ್ಣಿನ ಬುಟ್ಟಿ, ಕಟ್ಟು ಹಾಕಿದ ಫೋಟೊ. ಅವರ ಎದುರಿಗೆ ಶಾಲೆಯ ಹುಡುಗಿಯರು ಡಿಜೆಯ ಟಂಟಂಗೆ ಕುಣಿದರು. ಒಬ್ಬಳು ಗುರವ್ವ, ಒಬ್ಬಳು ಮೀಸೆ ಬರೆದುಕೊಂಡ ಗಂಡ. ಕಾಕಾ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಪೂರಾ ನೋಡಿದರು. ಮಾತಾಡಲು ಎಬ್ಬಿಸಿದಾಗ ಮೈಕು ಹಿಡಿದು ಇಷ್ಟೇ ಹೇಳಿದರು:

“ಒಬ್ಬಾಕೀ ಹೆಸರ ಕಸ್ಕೊಂಡು ನಾ ಹೆಸರ ಮಾಡೀನಿ. ಆ ಹಾಡು ಹಾಡೂದಿದ್ರ ಹಾಡ್ರಿ, ತಡಿಯೂ ಶಕ್ತಿ ನನಗಿಲ್ಲ. ಅದರ ಕೂಡ ನನ್ನ ಹೆಸರ ಮಾತ್ರ ಇನ್ನ ಮ್ಯಾಲ ಹೇಳಬ್ಯಾಡ್ರಿ. ಬರೀಬ್ಯಾಡ್ರಿ.”

ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿದ್ದವರು, “ಎಷ್ಟ ದೊಡ್ಡ ಗುಣಾ ನೋಡ್ರಿ, ಹೆಸರ ಸುದ್ದಾ ಬ್ಯಾಡಂತಾರ” ಎಂದರು. ವಂದನಾರ್ಪಣೆ ಮಾಡಿದವರು ಅವರ ಹೆಸರನ್ನು ಮತ್ತೆ ಮತ್ತೆ ಹೇಳಿದರು. ಕಾಕಾ ಶಾಲು ಹೊದ್ದುಕೊಂಡೇ ಕಣ್ಣು ಮುಚ್ಚಿ ಕುಳಿತುಬಿಟ್ಟರು. ನಿದ್ದೆ ಬಂದಿದೆಯೆಂದು ಜನ ಮೆಲ್ಲಗೆ ಮಾತಾಡಿಕೊಂಡರು.

ಅದಾದ ಮೇಲೆ ನಾನು ಟಂಟಂ ಹಾಡುವುದನ್ನು ಬಿಡಲಿಲ್ಲ. ಕರೆಯುವವರು ಅದಕ್ಕೇ ಕರೆಯುತ್ತಿದ್ದರು. ಕಾಕಾ ಒಂದು ದಿನವೂ ನನ್ನನ್ನು ಆಕ್ಷೇಪಿಸಲಿಲ್ಲ. ಆದರೆ ಅವರ ಮನೆಗೆ ಹೋದಾಗಲೆಲ್ಲ ಹೊಸ ನುಡಿಯನ್ನು ಹಾಡಿಸುತ್ತಿದ್ದರು. ನಾನು ‘ಎಲ್ಲಿಗೆ ಹೊಂಟಿ ಗುರವ್ವಾ’ ಎನ್ನುವಲ್ಲಿಗೆ ನಿಲ್ಲಿಸುತ್ತಿದ್ದೆ. ಮುಂದಿನ ಸಾಲು ಅವರ ಹತ್ತಿರ ಇರಲಿಲ್ಲ. “ಇನ್ನೊಮ್ಮೆ” ಎನ್ನುತ್ತಿದ್ದರು.

ಈ ವರ್ಷ ಅವರಿಗೆ ಉಸಿರಿನ ತೊಂದರೆ ಹೆಚ್ಚಾಗಿ ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ನಾನು ಮಧ್ಯಾಹ್ನ ನೋಡಲು ಹೋಗಿದ್ದೆ. ಕಾಕು ಊಟಕ್ಕೆ ಹೋಗಿದ್ದರು. ನಾನು ಬಂದದ್ದನ್ನು ಕಂಡು ಒಬ್ಬ ಸಿಸ್ಟರ್ ಗುರುತು ಹಿಡಿದಳು. ಮಂಚದ ಮೇಲಿದ್ದವರು ಯಾರೆಂದು ಆಗಲೇ ಆಕೆಗೆ ತಿಳಿದದ್ದು. “ಅಜ್ಜಾರ, ಟಂಟಂ ಬರದವರು ನೀವೇನ್ರಿ! ನನ್ನ ಲಗ್ನದಾಗ ಅದಕ್ಕ ಕುಣದೇವಿ ನಾವು. ಎರಡ ಸಾಲ ಹಾಡ್ರಿ, ನಮ್ಮ ಮನ್ಯಾಗ ತೋರಿಸ್ತೇನಿ” ಎಂದು ಮೊಬೈಲು ಎತ್ತಿ ಹಿಡಿದಳು.

ಬೇಡ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಹಾಡತೊಡಗಿದರು. ಅವರದು ಎಂದೂ ಹಾಡುವ ದನಿಯಲ್ಲ. ಈಗಂತೂ ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳಬೇಕಾಗಿತ್ತು. ಬೆನ್ನ ತುಂಬ ಬಾಸುಂಡಿ. ಸೆರಗ ಹೊದ್ದಿ ಗುರವ್ವಾ. ಸಿಸ್ಟರಿನ ಮುಖದ ನಗು ನಿಧಾನವಾಗಿ ಇಳಿಯಿತು. “ಇದು ಬ್ಯಾರೆ ಐತಲ್ಲರಿ” ಎಂದಳು. ಆಚೆಯ ಮಂಚದಿಂದ ಯಾರೋ ಕರೆದದ್ದಕ್ಕೆ ಮೊಬೈಲು ಕಿಸೆಗೆ ಹಾಕಿಕೊಂಡು ಹೋದಳು.

ನೆಲ ಒರೆಸುತ್ತಿದ್ದ ಆಯಾ ಮಾತ್ರ ಕೈ ನಿಲ್ಲಿಸಿ ಅಲ್ಲೇ ನಿಂತಿದ್ದಳು. ಹಾಡು ಮುಗಿದ ಮೇಲೂ ನಿಂತಿದ್ದಳು.

“ಆಮ್ಯಾಲೆ ಏನಾತ್ರಿ?”

“ಯಾರಿಗವಾ?”

“ಆಕೀಗೆ. ಗುರವ್ವಗ. ಎಲ್ಲಿಗೆ ಹೋದ್ಲು?”

ಕಾಕಾ ದಿಂಬಿನಿಂದ ತಲೆ ಎತ್ತಲು ನೋಡಿದರು. ಉಸಿರು ಸಿಕ್ಕಿಕೊಂಡಿತೇನೋ ಎಂದು ನಾನು ಎದ್ದೆ. ಅವರು ಕೈಯಿಂದಲೇ ನನ್ನನ್ನು ತಡೆದರು.

“ನನಗ ಗೊತ್ತಾಗಿಲ್ಲವಾ. ಭಾಳ ದಿನದಿಂದ ಹುಡುಕಾಕತ್ತೇನಿ. ನೀ ಹೇಳು, ಎಲ್ಲಿಗೆ ಹೋಗಿರಬೇಕು ಆಕಿ?”

ಆಕೆ ವಾರ್ಡಿನ ಆ ತುದಿ ಈ ತುದಿ ನೋಡಿದಳು. ಒರೆಸುವ ಕೋಲನ್ನು ಗೋಡೆಗೆ ಆನಿಸಿದಳು. ನಾನು ನನ್ನ ಸ್ಟೂಲನ್ನು ಅವಳ ಕಡೆ ಸರಿಸಿದೆ. ಸಂಕೋಚದಿಂದ ಅದರ ಅಂಚಿಗೆ ಕುಳಿತು, “ತವರಮನಿಗೆ ಹೋಗಿರಬೇಕು ಅಂತಾರ್ರಿ ಎಲ್ಲಾರೂ. ತವರಮನ್ಯಾಗ ಜಾಗಾ ಇರಬೇಕಲ್ರಿ ಮತ್ತ” ಎಂದು ಶುರುಮಾಡಿದಳು.

ಸಿಸ್ಟರ್ ಬಂದು ಕರೆಯುವವರೆಗೂ ಆಕೆ ಹೇಳುತ್ತ ಹೋದಳು. ಗುರವ್ವನ ಹೆಸರು ಮೊದಲು ಒಂದೆರಡು ಸಲ ಬಂತು, ಆಮೇಲೆ ಬರಲಿಲ್ಲ. ನಾನು, ನನ್ನ ಎಂದೇ ಹೇಳುತ್ತಿದ್ದಳು. ಆಕೆ ಎದ್ದು ಹೋಗಿ ಬಾಗಿಲು ದಾಟುವಾಗ ಕಾಕಾ ನನ್ನ ಕಡೆ ತಿರುಗಿ, “ನಾಳಿಗೆ ಬರ್ತಾಳೇನ ಕೇಳವಾ” ಎಂದರು.